ಅಂಕಿಯಿಂದ ಅಂಕೆಗೆ

ಅಂಕಿ ಎಂದರೆ ಎಣಿಕೆಯ ಗುರುತು, ಅಂಕೆ ಎಂದರೆ ಹತೋಟಿ. ಎರಡರ ನಡುವೆ ಇರುವುದು ಒಂದು ಸ್ವರದ ಅಂತರ. ಆ ಅಂತರವೂ ಗಟ್ಟಿಯಾಗಿ ನಿಂತಿಲ್ಲ: ‘ಅಂಕೆ-ಸಂಖ್ಯೆ’ ಎನ್ನುವಾಗ ಅಂಕೆಯೇ ಅಂಕಿಯ ಕೆಲಸ ಮಾಡುತ್ತದೆ, ‘ಅಂಕೆ ಮೀರಿದ ಹುಡುಗ’ ಎನ್ನುವಾಗ ಅದೇ ಪದ ಕಡಿವಾಣವಾಗುತ್ತದೆ. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು ಎಂಬ ಗಾದೆ ಕೇಳಿ ಬೆಳೆದವರಿಗೆ ಈ ಎರಡನೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎಣಿಕೆಗೂ ಹತೋಟಿಗೂ ಒಂದೇ ಮನೆತನದ ಹೆಸರು ಹೇಗೆ ಬಂತು? ಈ ಪ್ರಶ್ನೆಯನ್ನು ಹಿಡಿದು ಹೊರಡುವವರು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಸೀಮೆಗೆ ಬರಬೇಕು ಎಂದು ನನಗನ್ನಿಸುತ್ತದೆ. ಈ ಪದದ ಹಳೆಯ ಬದುಕಿನ ದೊಡ್ಡ ಪಾಲು ಕಾಗಿಣಾ ನದಿಯ ದಂಡೆಯ ಮಳಖೇಡದ ನೆರಳಿನಲ್ಲಿ ನಡೆಯಿತು. ಅದರ ಹೊಸ ಬದುಕು ಅದೇ ನೆಲದ ಸುಣ್ಣದ ಕಲ್ಲನ್ನು ಸುಡುವ ಸಿಮೆಂಟ್ ಕಾರ್ಖಾನೆಗಳಲ್ಲಿ ನಡೆಯುತ್ತಿದೆ.

ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೂತ ಆಪರೇಟರು ಪರದೆಯ ಮೇಲೆ ಒಂದು ಅಂಕಿ ಒತ್ತುತ್ತಾರೆ. ಎಷ್ಟೋ ದೂರದಲ್ಲಿ ಕಲ್ಲು ಸುಡುವ ನೂರಾರು ಟನ್ ತೂಕದ ಕಿಲ್ನ್ ತನ್ನ ತಿರುಗುವ ವೇಗ ಬದಲಿಸುತ್ತದೆ, ಇಲ್ಲವೇ ಹೊಗೆ ಎಳೆಯುವ ದೊಡ್ಡ ಫ್ಯಾನು ನಿಧಾನಗೊಳ್ಳುತ್ತದೆ. ಪರದೆಯ ಮೇಲಿನದು ಬರೀ ಸಂಖ್ಯೆ. ಮೋಟಾರಿಗೆ ಸಂಖ್ಯೆ ತಿಳಿಯದು, ತಿಳಿಯುವುದು ವಿದ್ಯುತ್ತಿನ ಹೆಚ್ಚು-ಕಡಿಮೆ ಮಾತ್ರ. ಸಂಖ್ಯೆಯನ್ನು ವಿದ್ಯುತ್ತಿನ ಹೆಚ್ಚು-ಕಡಿಮೆಯಾಗಿ ಮಾಡಿಕೊಡುವ ಬೆರಳುಗುರಿನಷ್ಟು ಚಿಕ್ಕ ಚಿಪ್ಪಿಗೆ ಪಠ್ಯಪುಸ್ತಕಗಳು ‘ಅಂಕೀಯ-ಸಾದೃಶ್ಯ ಪರಿವರ್ತಕ’ ಎನ್ನುತ್ತವೆ. ಕೆಲಸದವರು ಡ್ಯಾಕ್ ಎನ್ನುತ್ತಾರೆ. ಕನ್ನಡದ ಕಿವಿಯಿಂದ ಕೇಳಿದರೆ ಅದರ ಕೆಲಸವನ್ನು ಇನ್ನೂ ನೇರವಾಗಿ ಹೇಳಬಹುದು: ಅಂಕಿಯನ್ನು ಅಂಕೆಯಾಗಿಸುವುದು. ಅಂಕಿ ತಾನೇ ತಾನಾಗಿ ಅಂಕೆಯಾಗುವುದಿಲ್ಲ, ನಡುವಿನ ಗದ್ದಲವನ್ನು ಗೆದ್ದ ಮೇಲೆಯೇ ಆಗುತ್ತದೆ. ಅದನ್ನು ಹೇಳುವುದಕ್ಕೆ ಮೊದಲು ಪದದ ಹಿಂದೆ ಸ್ವಲ್ಪ ದೂರ ನಡೆಯಬೇಕು.

ಸಂಸ್ಕೃತದಲ್ಲಿ ಅಂಕದ ಮೂಲ ಅರ್ಥ ಬಾಗಿದ್ದು, ಕೊಕ್ಕೆ. ಆನೆಯನ್ನು ಹಿಡಿತದಲ್ಲಿಡುವ ಅಂಕುಶ ಇದೇ ಬೇರಿನದು. ಲ್ಯಾಟಿನ್ನಿನಲ್ಲಿ ಕೊಕ್ಕೆಗೆ ಇರುವ ‘ಉಂಕುಸ್’, ಹಡಗನ್ನು ನಿಲ್ಲಿಸುವ ‘ಆ್ಯಂಕರ್’ ದೂರದ ನೆಂಟರು. ಬಾಗಿದ ಮೈಯ ನಡುವಿನ ಜಾಗ ಎಂಬ ಅರ್ಥದಲ್ಲಿ ಅಂಕ ಎಂದರೆ ತೊಡೆಯೂ ಆಯಿತು. ಕೊಕ್ಕೆಯಂತೆ ಗೀಚಿದ ಗುರುತೂ ಅಂಕವಾಯಿತು. ಮೊಲದ ಗುರುತುಳ್ಳ ಚಂದ್ರ ಶಶಾಂಕನಾದ. ಗುರುತಿನಿಂದ ಎಣಿಕೆಯ ಗುರುತಿಗೆ ಒಂದೇ ಹೆಜ್ಜೆ. ಅಂಕುಶದ ನೆರೆಯಲ್ಲಿ ಬೆಳೆದ ಪದಕ್ಕೆ ಹತೋಟಿಯ ಅರ್ಥ ಅಂಟಿಕೊಂಡದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಎಲ್ಲಿ ಗುರುತು ಹಾಕಿದೆಯೋ ಅಲ್ಲಿಗೆ ನಿಲ್ಲು ಎಂಬುದೇ ಹತೋಟಿಯ ಮೊದಲ ರೂಪ.

ಈ ಸೀಮೆಯನ್ನಾಳಿದ ಅರಸರಿಗೆ ಅಂಕ ಅಂದರೆ ಬಿರುದು, ಗುರುತಿನ ಹೆಸರು. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಕಥೆಯನ್ನು ಕಾಶ್ಮೀರದಿಂದ ಬಂದ ಬಿಲ್ಹಣ ಬರೆದಾಗ ಅದಕ್ಕಿಟ್ಟ ಹೆಸರು ‘ವಿಕ್ರಮಾಂಕದೇವಚರಿತ’. ವಿಕ್ರಮವೇ ಗುರುತಾಗಿ ಉಳ್ಳವನ ಚರಿತೆ. ಅವನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಂಕವಿನೋದ ಎಂಬ ಭಾಗವೇ ಇದೆ. ಅಲ್ಲಿ ಅಂಕ ಎಂದರೆ ಇಬ್ಬರ ನಡುವಿನ ಪಣದ ಕಾಳಗ, ಕಾದುವವನು ಅಂಕಕಾರ. ಆ ಅರ್ಥ ಕರಾವಳಿಯ ಕೋಳಿ ಅಂಕದಲ್ಲಿ, ಕೇರಳದ ಚೇಕವ ಯೋಧರ ಅಂಕದ ಕಥೆಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಕವಿಗಳಿಗೆ ಅಂಕ ಎಂದರೆ ಸಹಿ: ಭಾರವಿಯ ‘ಕಿರಾತಾರ್ಜುನೀಯ’ದ ಪ್ರತಿ ಸರ್ಗದ ಕೊನೆಯ ಪದ್ಯದಲ್ಲಿ ಲಕ್ಷ್ಮಿ ಎಂಬ ಪದ ಬರುವುದರಿಂದ ಅದನ್ನು ಲಕ್ಷ್ಮ್ಯಂಕ ಕಾವ್ಯ ಎನ್ನುತ್ತಾರೆ. ಶರಣರ, ದಾಸರ ಅಂಕಿತ ಅದೇ ಸಾಲಿನದು. ನಾಟಕದಲ್ಲಿ ಅಂಕ, ಅಂಕದ ಪರದೆ. ಮನೆ ಕಟ್ಟುವವರ ಅಂಕಣವನ್ನೂ ಈ ಮನೆತನಕ್ಕೆ ಸೇರಿಸುವ ಆಸೆಯಾಗುತ್ತದೆ, ಆದರೆ ನಾನು ಸೇರಿಸುವುದಿಲ್ಲ. ಅಂಗಣ ಅದಕ್ಕೆ ಇನ್ನೂ ಹತ್ತಿರದಲ್ಲಿ ನಿಂತಿದೆ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಛಂದಸ್ಸಿನವರು ಅಂಕವನ್ನು ಬಳಸಿದ ರೀತಿ.

ಲಘು, ಗುರು ಎಂಬ ಎರಡೇ ಅಕ್ಷರಜಾತಿಯಿಂದ ಎಷ್ಟು ಬಗೆಯ ಸಾಲು ಸಾಧ್ಯ ಎಂದು ಪಿಂಗಳ ಕೇಳಿದ. ಆ ಸಾಲುಗಳನ್ನು ಕ್ರಮವಾಗಿ ಬರೆದಿಡುವುದು ಪ್ರಸ್ತಾರ. ನಿಮ್ಮ ಕೈಯಲ್ಲಿ ಒಂದು ಸಾಲಿದ್ದರೆ ಅದು ಆ ಪಟ್ಟಿಯಲ್ಲಿ ಎಷ್ಟನೆಯದು ಎಂದು ಪಟ್ಟಿ ಬರೆಯದೆ ಕಂಡುಹಿಡಿಯುವುದು ಉದ್ದಿಷ್ಟ. ಕೇದಾರಭಟ್ಟನ ‘ವೃತ್ತರತ್ನಾಕರ’ ಅದಕ್ಕೆ ಹೇಳುವ ದಾರಿ ಇಷ್ಟೇ: ಮೊದಲ ಅಕ್ಷರದ ಮೇಲೆ 1, ಎರಡನೆಯದರ ಮೇಲೆ 2, ಆಮೇಲೆ 4, 8, 16 ಎಂದು ದ್ವಿಗುಣವಾದ ಅಂಕಗಳನ್ನು ಬರೆ, ಲಘುಗಳ ಮೇಲಿರುವ ಅಂಕಗಳನ್ನು ಕೂಡು, ಒಂದು ಸೇರಿಸು. ಅಲ್ಲಿನ ಮೂಲ ಪದ ಅಂಕವೇ. ಕನ್ನಡದಲ್ಲಿ ಒಂದನೆಯ ನಾಗವರ್ಮನ ‘ಛಂದೋಂಬುಧಿ’ ಹತ್ತನೆಯ ಶತಮಾನದ ಕೊನೆಯಲ್ಲಿ ಪ್ರಸ್ತಾರ, ಉದ್ದಿಷ್ಟ ಮುಂತಾದ ಈ ಲೆಕ್ಕಗಳನ್ನು ತಂದಿತು. ಪಿಂಗಳನಿಗೆ ‘ಮೃತಸಂಜೀವನಿ’ ಎಂಬ ಟೀಕೆ ಬರೆದ ಹಲಾಯುಧ ಮೊದಲು ಇದ್ದದ್ದು ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಶ್ರಯದಲ್ಲಿ. ಆ ಅರಸನ ರಾಜಧಾನಿ ಮಾನ್ಯಖೇಟ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡ.

ಶ್ಲೋಕದ ಒಂದು ಪಾದಕ್ಕೆ ಎಂಟು ಅಕ್ಷರ. ಲಘು-ಗುರುಗಳಿಂದ ಅದಕ್ಕೆ 256 ರೂಪಗಳು ಸಾಧ್ಯ. ಎಂಟು ಬಿಟ್ಟಿನ (ಅಂದರೆ ಎಂಟು ಸೊನ್ನೆ-ಒಂದುಗಳ) ಡ್ಯಾಕಿಗೂ 256 ಮೆಟ್ಟಿಲುಗಳೇ. ಅದರ ಎಂಟು ಸ್ವಿಚ್ಚುಗಳಿಗೂ ಒಂದಕ್ಕಿಂತ ಒಂದಕ್ಕೆ ದುಪ್ಪಟ್ಟು ತೂಕ. ಮುಚ್ಚಿದ ಸ್ವಿಚ್ಚುಗಳ ತೂಕವನ್ನು ಕೂಡಿದ್ದೇ ಉತ್ತರ. ಛಂದಸ್ಸಿನವರು ಎಣಿಕೆಯನ್ನು ಒಂದರಿಂದ ಶುರು ಮಾಡಿದರು, ಚಿಪ್ಪು ಸೊನ್ನೆಯಿಂದ ಶುರು ಮಾಡುತ್ತದೆ. ಅದಕ್ಕೇ ಅವರಲ್ಲಿ ಕೊನೆಗೆ ಒಂದನ್ನು ಸೇರಿಸುವ ಮಾತು. ಕೂಡುವ ಕ್ರಮ ಎರಡರಲ್ಲೂ ಒಂದೇ. ಇದರಿಂದ ಡ್ಯಾಕನ್ನು ನಮ್ಮವರೇ ಕಂಡುಹಿಡಿದರು ಎಂದು ಹೇಳಲಾಗದು; ಉದ್ದಿಷ್ಟದ ಉತ್ತರ ತಾಳೆಗರಿಯ ಮೇಲೆ ಉಳಿಯಿತು, ಯಾವ ಗಾಲಿಯನ್ನೂ ತಿರುಗಿಸಲಿಲ್ಲ. ಆದರೆ ಬರೀ ಇದೆ-ಇಲ್ಲ ಎಂಬ ಗುರುತುಗಳ ಸಾಲಿಗೆ ಸ್ಥಾನಕ್ಕೆ ತಕ್ಕ ತೂಕ ಕೊಟ್ಟು ಒಂದು ಮೊತ್ತ ಪಡೆಯುವ ವಿಚಾರಕ್ಕೆ ಅಂಕ ಎಂಬ ಪದ ಒಂದು ಸಾವಿರ ವರ್ಷದ ಹಿಂದೆಯೇ ಒಗ್ಗಿತ್ತು. ಡಿಜಿಟಲ್‌ಗೆ ‘ಅಂಕೀಯ’ ಎಂದವರು ಇದನ್ನು ನೆನೆದು ಹಾಗೆ ಹೇಳಿದರೋ ಇಲ್ಲವೋ, ಪದ ಸರಿಯಾದ ಮನೆಗೇ ಬಂದು ಸೇರಿತು.

ಮಳಖೇಡದ ಮಾತು ಬಂದಮೇಲೆ ಗಣಿತಜ್ಞ ಮಹಾವೀರಾಚಾರ್ಯನನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಆ ಅರಸನನ್ನು ಹೊಗಳಿ ಶುರುವಾಗುವ ‘ಗಣಿತಸಾರಸಂಗ್ರಹ’ವನ್ನು ಮಹಾವೀರ ಬರೆದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಅನುವಾದದೊಂದಿಗೆ ಅಚ್ಚು ಹಾಕಿಸಿದ ಮೇಲೆ ಲೋಕ ಅದರತ್ತ ತಿರುಗಿ ನೋಡಿತು. ಗುಣಾಕಾರದ ಭಾಗದಲ್ಲಿ ಅವನು ಉತ್ತರಗಳು ಕೊರಳಹಾರದಂತೆ ಕಾಣುವ ಲೆಕ್ಕಗಳನ್ನು ಕೊಡುತ್ತಾನೆ. 152207ನ್ನು 73ರಿಂದ ಗುಣಿಸಿದರೆ ಬರುವುದು 11111111. ಅದು ಹತ್ತರ ಲೆಕ್ಕದ ಹಾರ, ನಿಜ. ಆದರೆ ಎಂಟು ಒಂದುಗಳನ್ನು ಹೀಗೆ ಸಾಲಾಗಿ ಕಂಡಾಗ ಇಂದಿನ ಇಂಜಿನಿಯರಿಂಗ್ ವಿದ್ಯಾರ್ಥಿಯ ಬಾಯಿಗೆ ತಟ್ಟನೆ ಬರುವ ಉತ್ತರ 255: ಎಂಟು ಬಿಟ್ಟಿನ ಡ್ಯಾಕಿನ ತುತ್ತತುದಿ.

ನಡುವೆ ಈ ಸೀಮೆಯಲ್ಲಿ ಅಂಕಿಗೆ ಇನ್ನೊಂದು ಹೆಸರು ಬಂತು. 1948ರವರೆಗೆ ನಿಜಾಮರ ಆಳ್ವಿಕೆ, ಕಚೇರಿಯ ಭಾಷೆ ಉರ್ದು. ಉರ್ದುವಿನಲ್ಲಿ ಅಂಕಿಗೆ ‘ಹಿಂದಸಾ’. ಅದು ಅರಬ್ಬಿಯ ‘ಹಂದಸಾ’, ಅಂದರೆ ರೇಖಾಗಣಿತ, ಎಂಬುದರಿಂದ ಬಂದದ್ದು. ಅರಬ್ಬಿಗೆ ಅದು ಪಾರ್ಸಿಯ ‘ಅಂದಾಜಾ’, ಅಂದರೆ ಅಳತೆ, ಎಂಬುದರಿಂದ ಬಂತು. ಆ ಅಂದಾಜಾ ನೇರವಾಗಿಯೂ ನಮ್ಮಲ್ಲಿಗೆ ಬಂದಿದೆ, ಅಂದಾಜು ಎಂದು. ಹೀಗೆ ಖಚಿತವಾದ ಅಂಕಿಯೂ ಸುಮಾರಿನ ಅಂದಾಜೂ ಒಂದೇ ತಾಯಿಯ ಮಕ್ಕಳು. ಶಹಾಬಾದಿನ ಸಿಮೆಂಟ್ ಕಾರ್ಖಾನೆ ಶುರುವಾದ ಕಾಲದಲ್ಲಿ ಕಿಲ್ನ್ ನಡೆಯುತ್ತಿದ್ದದ್ದು ಅಂದಾಜಿನ ಮೇಲೆ. ಬರ್ನರ್ ಎನ್ನಿಸಿಕೊಂಡ ಅನುಭವಿ ಕೆಲಸಗಾರ ಕೋಬಾಲ್ಟಿನ ನೀಲಿ ಗಾಜಿನ ಮೂಲಕ ಕಿಲ್ನಿನೊಳಗಿನ ಬೆಂಕಿಯನ್ನು ನೋಡಿ, ಒಳಗೆ ಕಲ್ಲು 1450 ಡಿಗ್ರಿಯ ಹದಕ್ಕೆ ಬಂದಿದೆಯೇ ಎಂದು ಬಣ್ಣದಿಂದಲೇ ಹೇಳಬೇಕಿತ್ತು. ಆ ಕಣ್ಣಿನ ಬಗ್ಗೆ ನನಗೆ ತುಂಬ ಗೌರವವಿದೆ. 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದಲ್ಲಿ, ಆಮೇಲೆ ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಕಾರ್ಖಾನೆಗಳು ಎದ್ದಂತೆ ಆ ಕಣ್ಣಿನ ಪಕ್ಕಕ್ಕೆ ಮೈಕ್ರೊಪ್ರೊಸೆಸರ್ ಬಂದು ಕೂತಿತು.

ಮೈಕ್ರೊಪ್ರೊಸೆಸರಿಗೆ ಡ್ಯಾಕನ್ನು ಜೋಡಿಸುವ ಪಾಠವನ್ನು ಇಲ್ಲಿನ ಮಕ್ಕಳು ಬಹುಕಾಲ ಕಲಿತದ್ದು 8085 ಎಂಬ ಪ್ರೊಸೆಸರಿನ ಕಿಟ್ಟಿನ ಮೇಲೆ. ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು 1958ರದು. ರಾಜ್ಯದ ಇಂಥ ಕಾಲೇಜುಗಳ ಲ್ಯಾಬುಗಳಲ್ಲಿ 8255 ಎಂಬ ಪೋರ್ಟಿನ ಮೂಲಕ ಡ್ಯಾಕಿಗೆ ಅಂಕಿ ಕಳಿಸಿ, ಆಸಿಲೋಸ್ಕೋಪಿನ ಮೇಲೆ ತ್ರಿಕೋನದ ಅಲೆ, ಮೆಟ್ಟಿಲಿನ ಅಲೆ ತೋರಿಸುವುದು ಪರೀಕ್ಷೆಯ ಹಳೆಯ ಪ್ರಶ್ನೆ. ನಡುವೆ ಪೋರ್ಟ್ ಯಾಕೆ, ನೇರವಾಗಿ ತಂತಿ ಎಳೆದರಾಗದೇ ಎಂದು ಕೇಳುವ ವಿದ್ಯಾರ್ಥಿಗೆ ಒಳ್ಳೆಯ ಮೇಷ್ಟ್ರು ಸಿಕ್ಕರೆ ವಿಷಯದ ತಿರುಳು ಅಲ್ಲೇ ಸಿಗುತ್ತದೆ.

ಪ್ರೊಸೆಸರಿನ ಬಸ್ ಅಂದರೆ ಎಂಟು ತಂತಿಗಳ ಸಾರ್ವಜನಿಕ ದಾರಿ. ಅದರ ಮೇಲೆ ಡ್ಯಾಕಿಗೆ ಬೇಕಾದ ಅಂಕಿ ಇರುವುದು ಒಂದು ಕ್ಷಣ ಮಾತ್ರ. ಉಳಿದ ಹೊತ್ತೆಲ್ಲ ಮೆಮೊರಿಯ ಜೊತೆ, ಬೇರೆ ಚಿಪ್ಪುಗಳ ಜೊತೆ ಪ್ರೊಸೆಸರ್ ಮಾತಾಡುತ್ತಿರುತ್ತದೆ. ಆದ್ದರಿಂದ ವಿಳಾಸ ಗುರುತಿಸಿ, ಬರೆಯುವ ಸಂಕೇತ ಬಂದ ಗಳಿಗೆಯಲ್ಲಿ ಅಂಕಿಯನ್ನು ಹಿಡಿದಿಟ್ಟುಕೊಳ್ಳುವ ಲ್ಯಾಚ್ ಬೇಕು. ಇನ್ನೊಂದು ಕಾರಣವೂ ಇದೆ. ಬಸ್ಸಿನ ತಂತಿಗಳು ಡ್ಯಾಕಿನ ಮೈಗೆ ತಾಗಿಕೊಂಡಿದ್ದರೆ, ಡ್ಯಾಕನ್ನು ಯಾರೂ ಕರೆಯದಿದ್ದಾಗಲೂ ಆ ತಂತಿಗಳ ಏರಿಳಿತ ಚಿಪ್ಪಿನೊಳಗೆ ನುಸುಳಿ ಹೊರಗಿನ ಮಟ್ಟವನ್ನು ಅಲುಗಿಸುತ್ತದೆ. ಲ್ಯಾಚ್ ಹೊರಗಿದ್ದರೆ ಡ್ಯಾಕಿನ ಕಡೆಯ ತಂತಿಗಳು ಅಂಕಿ ಬದಲಾಗುವವರೆಗೆ ಕದಲುವುದಿಲ್ಲ.

ಬದಲಾಗುವಾಗಲೂ ಅಪಾಯವಿದೆ. 127ರಿಂದ 128ಕ್ಕೆ ಹೋಗುವುದು ಎಣಿಕೆಯಲ್ಲಿ ಒಂದೇ ಹೆಜ್ಜೆ. ಸ್ವಿಚ್ಚುಗಳಲ್ಲಿ ಅದು 01111111ರಿಂದ 10000000ಕ್ಕೆ, ಎಂಟಕ್ಕೆ ಎಂಟೂ ಮಗುಚಬೇಕು. ದೊಡ್ಡ ತೂಕದ ಸ್ವಿಚ್ಚು ಚೂರು ತಡ ಮಾಡಿದರೆ ಆ ಚೂರು ಹೊತ್ತು ಹೊರಗೆ ಸೊನ್ನೆ. ಚೂರು ಮುಂಚೆ ಬಂದರೆ ತುತ್ತತುದಿ. ಎಲ್ಲ ಬಿಟ್ಟುಗಳನ್ನೂ ಲ್ಯಾಚ್ ಒಂದೇ ಗಳಿಗೆಗೆ ಬಿಡುಗಡೆ ಮಾಡಿದರೆ ಈ ಮೊನೆ ಬಹಳ ಮೊಂಡಾಗುತ್ತದೆ. ಹನ್ನೆರಡು ಬಿಟ್ಟಿನ ಡ್ಯಾಕನ್ನು ಎಂಟು ತಂತಿಯ ಬಸ್ಸಿಗೆ ಕಟ್ಟಿದಾಗಂತೂ ಅಂಕಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಬಂದ ಕೂಡಲೇ ಹೊರಗೆ ತೋರಿಸಿದರೆ ಅದು ಹಳೆಯದೂ ಅಲ್ಲದ ಹೊಸದೂ ಅಲ್ಲದ ಅಂಕಿ. ಅದಕ್ಕಾಗಿ ಎರಡು ಸಾಲು ಲ್ಯಾಚ್: ಮೊದಲ ಸಾಲು ಕಂತುಗಳನ್ನು ಕೂಡಿಹಾಕುತ್ತದೆ, ಎರಡನೆಯದು ಪೂರ್ತಿ ಅಂಕಿಯನ್ನು ಒಟ್ಟಿಗೆ ದಾಟಿಸುತ್ತದೆ.

ಇಷ್ಟಾದ ಮೇಲೂ ಗದ್ದಲ ನಿಲ್ಲದಿದ್ದರೆ ನೋಡಬೇಕಾದ್ದು ನೆಲವನ್ನು. ಹತ್ತು ವೋಲ್ಟಿನ ವ್ಯಾಪ್ತಿಯನ್ನು ಎಂಟು ಬಿಟ್ಟು 256 ಭಾಗ ಮಾಡುತ್ತದೆ, ಒಂದು ಮೆಟ್ಟಿಲಿಗೆ ಸುಮಾರು 39 ಮಿಲಿವೋಲ್ಟ್. ಹನ್ನೆರಡು ಬಿಟ್ಟಾದರೆ 4096 ಭಾಗ, ಮೆಟ್ಟಿಲಿಗೆ 2.4 ಮಿಲಿವೋಲ್ಟ್. ಈಗ ಪ್ರೊಸೆಸರಿನ ಕಡೆಯ 100 ಮಿಲಿಆಂಪಿಯರ್ ವಿದ್ಯುತ್ತು ಹಿಂತಿರುಗುವಾಗ, ಡ್ಯಾಕ್ ಕೂಡ ನೆಚ್ಚಿಕೊಂಡ ನೆಲದ ತಂತಿಯಲ್ಲಿ 0.1 ಓಮ್ ಪ್ರತಿರೋಧವನ್ನು ದಾಟಿತು ಎನ್ನಿ. ಅಲ್ಲಿ 10 ಮಿಲಿವೋಲ್ಟ್ ಹುಟ್ಟುತ್ತದೆ. ಎಂಟು ಬಿಟ್ಟಿಗೆ ಅದು ಕಾಲು ಮೆಟ್ಟಿಲು, ಲೆಕ್ಕಕ್ಕಿಲ್ಲ. ಹನ್ನೆರಡು ಬಿಟ್ಟಿಗೆ ನಾಲ್ಕು ಮೆಟ್ಟಿಲು ಮಣ್ಣುಪಾಲು. ದುಬಾರಿ ಚಿಪ್ಪು ಕೊಂಡು ನೆಲವನ್ನು ಮರೆತವರಿಗೆ ಸಿಗುವುದು ಅಗ್ಗದ ಚಿಪ್ಪಿನ ಫಲವೇ. ಆದ್ದರಿಂದ ಅಂಕಿಯ ನೆಲ, ಅಂಕೆಯ ನೆಲ ಎಂದು ಎರಡನ್ನೂ ಬೇರೆ ಬೇರೆ ಓಡಿಸಿ, ಡ್ಯಾಕಿನ ಬಳಿ ಒಂದೇ ಕಡೆ ಸೇರಿಸುತ್ತಾರೆ. ಚಿಪ್ಪಿನ ವಿದ್ಯುತ್ ಕಾಲಿಗೆ ಅಂಟಿದಂತೆ 0.1 ಮೈಕ್ರೊಫ್ಯಾರಡಿನ ಸೆರಾಮಿಕ್ ಕೆಪಾಸಿಟರ್ ಇಡುತ್ತಾರೆ. ಆಧಾರದ ವೋಲ್ಟೇಜನ್ನು ಎಲ್ಲಕ್ಕಿಂತ ಹೆಚ್ಚು ಕಾಯುತ್ತಾರೆ, ಏಕೆಂದರೆ ಹೊರಗೆ ಬರುವುದು ಅಂಕಿಯನ್ನು ಆ ಆಧಾರದಿಂದ ಗುಣಿಸಿದ ಫಲ. ಅಳತೆಗೋಲೇ ನಡುಗಿದರೆ ಅಂಕಿ ಎಷ್ಟು ಶುದ್ಧವಾಗಿದ್ದರೂ ಉಪಯೋಗವಿಲ್ಲ.

ಬೋರ್ಡಿನಿಂದ ಹೊರಬಿದ್ದ ಮೇಲೆ ನಿಜವಾದ ನೆಲದ ಪ್ರಶ್ನೆ. ಇದು ಶಹಾಬಾದಿನ ಫರಸಿಕಲ್ಲಿನ ಸೀಮೆ. ಗೇಣು ಮಣ್ಣಿನ ಕೆಳಗೆ ಪದರುಪದರಾಗಿ ಸುಣ್ಣದ ಕಲ್ಲು. ಮನೆಯ ನೆಲಕ್ಕೆ ತಂಪು ಕೊಡುವ ಈ ಕಲ್ಲು ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬುವುದು, ಬೇಸಿಗೆಯಲ್ಲಿ ನೀರು ಹನಿಸುವುದು ಇಲ್ಲಿನ ಎಲೆಕ್ಟ್ರಿಷಿಯನ್ನರಿಗೆ ಕಾಳಜಿಯ ಕೆಲಸ. ಅರ್ಥಿಂಗ್ ಸಡಿಲವಾದಾಗ ಅವರ ಬಾಯಲ್ಲಿ ಬರುವ ಮಾತು ‘ರೀಡಿಂಗ್ ಕುಣ್ಯಾಕತ್ತದ ನೋಡ್ರಿ’. ನಾಯ್ಸ್ ಎಂಬುದಕ್ಕೆ ಸದ್ದು, ಗೊಂದಲ, ಗದ್ದಲ ಎಂದೆಲ್ಲ ಬರೆಯುವ ನಮಗಿಂತ ಅವರ ಕುಣಿತವೇ ಹೆಚ್ಚು ನಿಖರ. ಮೀಟರಿನ ಮುಳ್ಳು ಸದ್ದು ಮಾಡುವುದಿಲ್ಲ, ಕುಣಿಯುತ್ತದೆ.

ಕಂಟ್ರೋಲ್ ರೂಮಿನಿಂದ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವಿನವರೆಗೆ ವೋಲ್ಟೇಜಿನ ಬದಲು 4ರಿಂದ 20 ಮಿಲಿಆಂಪಿಯರ್ ಪ್ರವಾಹವನ್ನು ಕಳಿಸುವ ಪದ್ಧತಿ ಬಂದದ್ದು ಈ ಕುಣಿತವನ್ನು ತಡೆಯಲು. ತಂತಿ ಉದ್ದವಾಗಿ ಪ್ರತಿರೋಧ ಹೆಚ್ಚಿದರೂ ಸುತ್ತು ತಿರುಗುವ ಪ್ರವಾಹ ಅಷ್ಟೇ ಇರುತ್ತದೆ. ಕನಿಷ್ಠ ಬೆಲೆಗೆ 4 ಮಿಲಿಆಂಪಿಯರ್ ಇಟ್ಟದ್ದು ಬಹಳ ಯೋಚಿಸಿ ಮಾಡಿದ ಕೆಲಸ: ಯಂತ್ರ ಸೊನ್ನೆಯಲ್ಲಿ ನಿಲ್ಲಲಿ ಎಂಬ ಅಪ್ಪಣೆಗೂ, ತಂತಿ ಕಡಿದುಹೋಯಿತು ಎಂಬ ಸುದ್ದಿಗೂ ವ್ಯತ್ಯಾಸ ತಿಳಿಯಬೇಕು. ಉಳಿದ 16 ಮಿಲಿಆಂಪಿಯರನ್ನು ಹನ್ನೆರಡು ಬಿಟ್ಟು ಹಂಚಿದರೆ ಒಂದು ಮೆಟ್ಟಿಲಿಗೆ 4 ಮೈಕ್ರೊಆಂಪಿಯರಿಗೂ ತುಸು ಕಡಿಮೆ. ಅಷ್ಟು ನವಿರಾದ ಅಪ್ಪಣೆ ಹೊತ್ತ ತಂತಿಯ ಪಕ್ಕದಲ್ಲೇ ದೊಡ್ಡ ಮೋಟಾರಿನ ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಕೂಡಿಸುತ್ತಿರುತ್ತದೆ. ಅದಕ್ಕೇ ಎರಡೂ ಎಳೆಗಳನ್ನು ಹೆಣೆದು ಮೇಲೆ ಶೀಲ್ಡ್ ಹೊದಿಸುವುದು, ಪವರ್ ಕೇಬಲ್ಲಿನ ಟ್ರೇಯಿಂದ ದೂರ ಒಯ್ಯುವುದು, ಶೀಲ್ಡನ್ನು ಒಂದೇ ತುದಿಯಲ್ಲಿ ನೆಲಕ್ಕೆ ಕಟ್ಟುವುದು. ಎರಡೂ ತುದಿ ಕಟ್ಟಿದರೆ ಎರಡು ಕಡೆಯ ನೆಲದ ಮಟ್ಟ ಬೇರೆಯಾದಾಗ ಶೀಲ್ಡಿನಲ್ಲೇ ಪ್ರವಾಹ ಹರಿದು, ಕಾಯಬೇಕಾದ್ದೇ ಗದ್ದಲ ತರುತ್ತದೆ.

ಕುಣಿತ ನಿಲ್ಲಿಸಬೇಕೆಂದು ಫಿಲ್ಟರನ್ನು ಎಷ್ಟು ಬೇಕಾದರೂ ಬಿಗಿ ಮಾಡಬಹುದೇ? ಇಲ್ಲ. ಬಿಗಿದಷ್ಟೂ ಅಪ್ಪಣೆ ತಡವಾಗುತ್ತದೆ. ತಡವಾದ ಅಪ್ಪಣೆಗೆ ಕಂಟ್ರೋಲರು ಇನ್ನಷ್ಟು ಒತ್ತು ಕೊಟ್ಟು, ಯಂತ್ರ ಗುರಿಯ ಆಚೆಗೊಮ್ಮೆ ಈಚೆಗೊಮ್ಮೆ ಓಲಾಡುತ್ತದೆ. ಇದಕ್ಕೆ ಕೆಲಸದವರು ‘ಹಂಟಿಂಗ್’ ಎನ್ನುತ್ತಾರೆ. ಇನ್ನೊಂದು ಅಡ್ಡಿ ಹಾರ್ಟ್ ಎಂಬ ಪದ್ಧತಿಯಿಂದ ಬಂತು. ಅದರಲ್ಲಿ 4-20ರ ಪ್ರವಾಹದ ಮೇಲೆಯೇ ಅರ್ಧ ಮಿಲಿಆಂಪಿಯರ್ ಮೇಲೆ-ಕೆಳಗೆ ಆಡುವ ಸಣ್ಣ ಅಲೆ ಸವಾರಿ ಮಾಡುತ್ತದೆ: ಒಂದಕ್ಕೆ 1200 ಹರ್ಟ್ಸ್, ಸೊನ್ನೆಗೆ 2200 ಹರ್ಟ್ಸ್. ಆ ಅಲೆಯ ಸರಾಸರಿ ಸೊನ್ನೆಯಾದ್ದರಿಂದ ನಿಧಾನದ ಅಪ್ಪಣೆಗೆ ತೊಂದರೆಯಿಲ್ಲ, ಮತ್ತು ತಂತಿಯ ಆ ತುದಿಯ ವಾಲ್ವ್ ತನ್ನ ಗುರುತು, ತನ್ನ ಆರೋಗ್ಯ, ತಾನು ನಿಂತ ಜಾಗವನ್ನು ಅದೇ ಜೋಡಿ ತಂತಿಯಲ್ಲಿ ಅಂಕಿಗಳಾಗಿ ಹಿಂದಕ್ಕೆ ಹೇಳುತ್ತದೆ. ಫಿಲ್ಟರ್ ಹಾಕುವವರಿಗೆ ಈ ಅಲೆ ಗದ್ದಲದಂತೆಯೇ ಕಾಣುತ್ತದೆ. ಅದನ್ನೂ ಅಳಿಸಿಬಿಟ್ಟರೆ ಅಪ್ಪಣೆ ತಲುಪುತ್ತದೆ, ಉತ್ತರ ಬರುವುದಿಲ್ಲ. ಯಾವ ಅಲುಗಾಟವನ್ನು ಉಳಿಸಬೇಕು, ಯಾವುದನ್ನು ಕೊಲ್ಲಬೇಕು ಎಂದು ಕೇಬಲ್ ಎಳೆಯುವ ಮೊದಲೇ ನಿರ್ಧರಿಸಬೇಕಾಗುತ್ತದೆ. ವಾಡಿಯಲ್ಲಿ ಆಗಲಿ ಸೇಡಂನಲ್ಲಿ ಆಗಲಿ, ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಹೊಸದಾಗಿ ಸೇರಿದವರು ಮೊದಲು ಕಲಿಯಬೇಕಾದ್ದು ಇದನ್ನು.